ಸೋರುವ ಕಿವಿಗೆ ಕಿವಿಗೊಟ್ಟ ವೈದ್ಯ

ನಮ್ಮ ಅಂಕೋಲಾ ಕಡೆ ಮಕ್ಕಳ ಕಿವಿ ಸೋರಿದರೆ ಅದನ್ನು ಯಾರೂ ದೊಡ್ಡ ರೋಗ ಎಂದು ಎಣಿಸುವುದಿಲ್ಲ. ಮಳೆಗಾಲದಲ್ಲಿ ಮಾಡು ಸೋರಿದಷ್ಟೇ ಸಹಜ ಅದು. ನೆಗಡಿ ಬಂತು, ಕಿವಿ ನೋಯಿತು, ರಾತ್ರಿಯೆಲ್ಲ ಮಗು ಅತ್ತಿತು. ಬೆಳಿಗ್ಗೆ ತಲೆದಿಂಬಿನ ಮೇಲೆ ಹಳದಿ ಕಲೆ, ನೋವು ಮಾಯ. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯನ್ನು ಎರಡು ಹನಿ ಬಿಟ್ಟು ಹತ್ತಿ ಇಡುತ್ತಾರೆ. ದೊಡ್ಡವನಾದ ಮೇಲೆ ತಾನಾಗಿ ನಿಲ್ಲುತ್ತದೆ ಬಿಡಿ ಎಂದು ನೆರೆಮನೆಯವರು ಸಮಾಧಾನ ಹೇಳುತ್ತಾರೆ. ಬಹಳ ಮಕ್ಕಳಿಗೆ ಹಾಗೆಯೇ ನಿಂತೂ ಬಿಡುತ್ತದೆ. ಆದ್ದರಿಂದಲೇ ನಿಲ್ಲದೆ ಉಳಿಯುವ ಕೆಲವರ ಬಗ್ಗೆ ಯಾರೂ ಯೋಚಿಸುವುದಿಲ್ಲ.

ನಾನು ಕಾರವಾರದಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಮನೆ ಇರುವುದು ಅಂಕೋಲಾ ತಾಲ್ಲೂಕಿನ ಹಳ್ಳಿಯಲ್ಲಿ. ಮಕ್ಕಳ ಶುಶ್ರೂಷೆಯ ಪಾಠದಲ್ಲಿ ‘ಮೆಕ್ಯೂವನ್ ಚಿಹ್ನೆ’ ಎಂಬ ಹೆಸರು ಬಂತು. ಕಿವಿ, ಮೂಗು, ಗಂಟಲಿನ ಪಾಠದಲ್ಲಿ ‘ಮೆಕ್ಯೂವನ್ ತ್ರಿಕೋನ’ ಬಂತು. ಅರಿವಳಿಕೆಯ ಪಾಠದಲ್ಲಿ ಮತ್ತೊಮ್ಮೆ ಅದೇ ಹೆಸರು. ಇವೆಲ್ಲ ಒಬ್ಬರೇ ವ್ಯಕ್ತಿಯವು ಎಂದು ತಿಳಿದ ಮೇಲೆ ಕುತೂಹಲ ತಡೆಯಲಾಗದೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕಿವಿಯಿಂದ ಮಿದುಳಿಗೆ ಇಳಿಯುವ ಕೀವಿನಿಂದ ಮಕ್ಕಳನ್ನು ಬದುಕಿಸಬಹುದು ಎಂದು ಜಗತ್ತಿಗೆ ತೋರಿಸಿದ ಆ ಮನುಷ್ಯನ ಕಥೆಯನ್ನು ನಿಮಗೂ ಹೇಳಬೇಕೆನಿಸಿತು.

ವಿಲಿಯಂ ಮೆಕ್ಯೂವನ್ ಹುಟ್ಟಿದ್ದು 1848ರ ಜೂನ್ 22ರಂದು, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಬ್ಯೂಟ್ ಎಂಬ ದ್ವೀಪದಲ್ಲಿ. ತಂದೆಯದು ಹಡಗಿನ ವ್ಯಾಪಾರ. ಸಮುದ್ರ, ಮಳೆ, ದೋಣಿ, ಮೀನು ಇವುಗಳ ನಡುವೆ ಬೆಳೆದ ಹುಡುಗ ಎಂದರೆ ಬೇಲೆಕೇರಿಯಲ್ಲೋ ಕೋಡಿಬಾಗದಲ್ಲೋ ಬೆಳೆದವರಿಗೆ ಬೇರೆ ವಿವರಣೆ ಬೇಡ. ಮುಂದೆ ಕುಟುಂಬ ಗ್ಲಾಸ್ಗೊ ನಗರಕ್ಕೆ ಬಂತು. ಹಡಗು ಕಟ್ಟುವ ಕಾರ್ಖಾನೆಗಳ, ಹೊಗೆ ತುಂಬಿದ, ಇಕ್ಕಟ್ಟು ಮನೆಗಳ ಊರು ಅದು. ಬಿಸಿಲು ಕಾಣದ ಓಣಿಗಳಲ್ಲಿ ಮಕ್ಕಳ ಕಾಲುಗಳು ರಿಕೆಟ್ಸ್‌ನಿಂದ ಬಿಲ್ಲಿನಂತೆ ಬಾಗುತ್ತಿದ್ದವು.

ಅವರು ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ ಕಾಲದಲ್ಲೇ ಅಲ್ಲೊಂದು ದೊಡ್ಡ ಬದಲಾವಣೆ ನಡೆಯುತ್ತಿತ್ತು. ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕ ಜೋಸೆಫ್ ಲಿಸ್ಟರ್ 1865ರಲ್ಲಿ ಕಾಲು ಮುರಿದ 11 ವರ್ಷದ ಹುಡುಗನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿ, ಕೀವಾಗದಂತೆ ವಾಸಿಮಾಡಿದ್ದರು. ಅದುವರೆಗೆ ಆಪರೇಷನ್ ಎಂದರೆ ಅರ್ಧ ಸಾವು. ಚಾಕು ಸರಿಯಾಗಿಯೇ ಕೆಲಸ ಮಾಡಿದರೂ ಗಾಯ ಕೊಳೆತು ರೋಗಿ ಸಾಯುತ್ತಿದ್ದ. ಮೆಕ್ಯೂವನ್ ಲಿಸ್ಟರ್ ಅವರ ಶಿಷ್ಯ. 1869ರಲ್ಲಿ ಪದವಿ ಪಡೆದರು. ಮುಂದೆ ಗುರುವಿನಿಂದಲೂ ಒಂದು ಹೆಜ್ಜೆ ಮುಂದೆ ಹೋದರು. ಕಾರ್ಬಾಲಿಕ್ ಸಿಂಪಡಿಸುವುದನ್ನು ಬಿಟ್ಟು ಉಪಕರಣಗಳನ್ನು ಕುದಿಸುವ, ಬಟ್ಟೆಗಳನ್ನು ಹಬೆಯಲ್ಲಿ ಶುದ್ಧಮಾಡುವ, ತೊಳೆದ ಗೌನ್ ಹಾಕಿಕೊಂಡೇ ಆಪರೇಷನ್ನಿಗೆ ನಿಲ್ಲುವ ಕ್ರಮ ತಂದರು. ಇಂದು ನಮಗೆ ಮೊದಲ ವರ್ಷದಲ್ಲೇ ಕಲಿಸುವ ಪಾಠ ಇದು.

1871ರಲ್ಲಿ ಅವರಿಗೆ ಸಿಕ್ಕಿದ್ದು ಗ್ಲಾಸ್ಗೊ ಪೊಲೀಸ್ ಇಲಾಖೆಯ ವೈದ್ಯನ ಕೆಲಸ. ಯಾರೂ ಆಸೆಪಡುವ ಹುದ್ದೆ ಅದಲ್ಲ. ಬೀದಿಯಲ್ಲಿ ಬಿದ್ದವರು, ಹೊಡೆದಾಡಿ ತಲೆ ಒಡೆದುಕೊಂಡವರು, ಕುಡಿದು ಪ್ರಜ್ಞೆ ತಪ್ಪಿದವರು ದಿನಾ ಬರುತ್ತಿದ್ದರು. ಇವನು ಕುಡಿದು ಮಲಗಿದ್ದಾನೋ, ತಲೆಗೆ ಪೆಟ್ಟಾಗಿ ಸಾಯುತ್ತಿದ್ದಾನೋ? ತಪ್ಪಿದರೆ ಒಂದು ಜೀವ ಲಾಕಪ್ಪಿನಲ್ಲೇ ಹೋಗುತ್ತದೆ. ಮೆಕ್ಯೂವನ್ ಕಣ್ಣಿನ ಪಾಪೆಗಳನ್ನು ಗಮನಿಸಿದರು. ಕುಡಿದು ಮೈಮರೆತವನ ಪಾಪೆ ಕಿರಿದಾಗಿರುತ್ತದೆ, ಅಲುಗಿಸಿ ಎಬ್ಬಿಸಲು ನೋಡಿದರೆ ಹಿಗ್ಗುತ್ತದೆ, ಬಿಟ್ಟರೆ ಮತ್ತೆ ಕುಗ್ಗುತ್ತದೆ. ನ್ಯಾಯವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಅದು ಈಗಲೂ ಅವರ ಹೆಸರಿನಲ್ಲೇ ಇದೆ. ಮೈ ಹೇಳುವ ಸಣ್ಣ ಸುಳಿವುಗಳನ್ನು ಓದುವ ಅಭ್ಯಾಸ ಅವರಿಗೆ ಆ ಠಾಣೆಗಳಲ್ಲಿ ಬಂತು ಅನಿಸುತ್ತದೆ.

ಆಮೇಲೆ ಅವರು ಗ್ಲಾಸ್ಗೊ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರಾದರು. 1876ರಲ್ಲಿ ಅವರ ಬಳಿಗೆ 11 ವರ್ಷದ ಒಬ್ಬ ಹುಡುಗ ಬಂದ. ಎಡ ಹುಬ್ಬಿನ ಮೇಲೆ ಗಾಯವಾಗಿತ್ತು. ದಿನಗಳು ಕಳೆದ ಮೇಲೆ ಜ್ವರ ಬಂತು, ಮೈಯ ಬಲಭಾಗದಲ್ಲಿ ಸೆಳೆತ ಕಾಣಿಸಿತು, ಮಾತು ನಿಂತಿತು. ಮಾತಿನ ಕೇಂದ್ರ ಮಿದುಳಿನ ಎಡ ಮುಂಭಾಗದಲ್ಲಿದೆ ಎಂದು ಫ್ರಾನ್ಸಿನ ಬ್ರೋಕಾ 1861ರಲ್ಲಿ ತೋರಿಸಿದ್ದರು. ಎಡ ಮಿದುಳು ಬಲಗೈ ಬಲಗಾಲನ್ನು ನಡೆಸುತ್ತದೆ ಎಂಬುದೂ ತಿಳಿದಿತ್ತು. ಈ ಎರಡನ್ನೂ ಸೇರಿಸಿ ಮೆಕ್ಯೂವನ್ ಲೆಕ್ಕ ಹಾಕಿದರು: ಎಡ ಮಿದುಳಿನ ಮುಂಭಾಗದಲ್ಲಿ, ಇಂಥದೇ ಜಾಗದಲ್ಲಿ ಕೀವು ತುಂಬಿದೆ. ತಲೆಬುರುಡೆಯಲ್ಲಿ ಅಲ್ಲೊಂದು ತೂತು ಮಾಡಿ ಕೀವು ತೆಗೆದರೆ ಹುಡುಗ ಉಳಿಯುತ್ತಾನೆ.

ಎಕ್ಸ್‌ರೇ ಇಲ್ಲದ ಕಾಲ ಅದು. ರಾಂಟ್‌ಜನ್ ಅದನ್ನು ಕಂಡುಹಿಡಿಯಲು ಇನ್ನೂ 19 ವರ್ಷ ಬೇಕಿತ್ತು. ಯಾರ ಕಣ್ಣಿಗೂ ಕಾಣದ ಕೀವಿಗಾಗಿ ಮಗನ ತಲೆ ಕೊರೆಯಲು ಮನೆಯವರು ಒಪ್ಪಲಿಲ್ಲ. ಹುಡುಗ ತೀರಿಕೊಂಡ. ಸತ್ತ ಮೇಲೆ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು. ಬದುಕಿದ್ದಾಗ ಎಲ್ಲಿ ತೂತು ಮಾಡಬೇಕೆಂದಿದ್ದರೋ ಅಲ್ಲೇ ಮಾಡಿ ನೋಡಿದರು. ಕೀವಿನ ಗಂಟು ಅಲ್ಲೇ ಇತ್ತು.

ಇದನ್ನು ಓದಿದಾಗ ಆ ಮನೆಯವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಮ್ಮ ಊರಿನ ಯಾವ ತಾಯಿಯಾದರೂ ಆವತ್ತು ಬೇರೆ ಏನು ಮಾಡುತ್ತಿದ್ದಳು?

ಮೆಕ್ಯೂವನ್ ಅಲ್ಲಿಗೆ ಬಿಡಲಿಲ್ಲ. 1879ರಲ್ಲಿ ಹದಿಹರೆಯದ ಹುಡುಗಿಯೊಬ್ಬಳ ಮಿದುಳಿನ ಹೊದಿಕೆಯ ಗಡ್ಡೆಯನ್ನು, ಸೆಳೆತ ಎಲ್ಲಿಂದ ಶುರುವಾಗುತ್ತದೆ ಎಂಬ ಸುಳಿವಿನ ಮೇಲೆಯೇ ಜಾಗ ಗುರುತಿಸಿ ತೆಗೆದರು. ಆಕೆ ಮುಂದೆ 8 ವರ್ಷ ಬದುಕಿದಳು. ಹೀಗೆ ವರ್ಷಗಟ್ಟಲೆ ಮಾಡಿದ ಕೆಲಸವನ್ನೆಲ್ಲ ಸೇರಿಸಿ 1893ರಲ್ಲಿ ಮಿದುಳು ಮತ್ತು ಬೆನ್ನುಹುರಿಯ ಕೀವಿನ ರೋಗಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅದರಲ್ಲಿರುವ ಒಂದು ಲೆಕ್ಕ ಇಂದಿಗೂ ವೈದ್ಯರನ್ನು ಬೆರಗಾಗಿಸುತ್ತದೆ. ಮಿದುಳಿನ ಕೀವುಗಂಟಿಗೆ ಅವರು ಆಪರೇಷನ್ ಮಾಡಿದ 19 ಜನರಲ್ಲಿ 18 ಮಂದಿ ಗುಣವಾಗಿದ್ದರು. ಪೆನ್ಸಿಲಿನ್ ಕಂಡದ್ದು 1928ರಲ್ಲಿ, ಸಿ.ಟಿ. ಸ್ಕ್ಯಾನ್ ಬಂದದ್ದು 1971ರಲ್ಲಿ ಎಂಬುದನ್ನು ನೆನಪಿಟ್ಟು ಈ ಅಂಕಿ ನೋಡಿ.

ಇನ್ನು ಕಿವಿಯ ವಿಷಯಕ್ಕೆ ಬರೋಣ. ಮಿದುಳಿನಲ್ಲಿ ಕೀವಾಗಲು ಕಾರಣ ಹಲವು. ಹುಟ್ಟಿನಿಂದಲೇ ಹೃದಯದ ದೋಷವಿದ್ದು ಮೈ ನೀಲಿಗಟ್ಟುವ ಮಕ್ಕಳಿಗೂ ಇದು ಬರಬಹುದು. ಆದರೆ ಕಿವಿ ಅತಿ ಹಳೆಯ ದಾರಿಗಳಲ್ಲಿ ಒಂದು. ಕಿವಿತಮಟೆಯ ಹಿಂದೆ ಇರುವ ಪುಟ್ಟ ಕೋಣೆಯೇ ನಡುಗಿವಿ. ಅದರ ಮೇಲ್ಛಾವಣಿ ಒಂದು ತೆಳು ಎಲುಬಿನ ಹಾಳೆ ಅಷ್ಟೆ, ಮೇಲಿರುವುದು ಮಿದುಳು. ಹಿಂಬದಿಯ ಗೋಡೆಯಾಚೆ ಮಿದುಳಿನಿಂದ ರಕ್ತ ಹೊತ್ತು ತರುವ ದೊಡ್ಡ ನಾಳ, ಅದರ ಪಕ್ಕ ಕಿರುಮಿದುಳು. ನಡುಗಿವಿಯಲ್ಲಿ ವರ್ಷಗಟ್ಟಲೆ ಕೀವು ನಿಂತರೆ, ಅದರಲ್ಲೂ ಕೊಲೆಸ್ಟಿಯೆಟೋಮಾ ಎಂಬ ಚರ್ಮದ ಗಂಟು ಬೆಳೆದರೆ, ಆ ಎಲುಬು ಗೆದ್ದಲು ಹಿಡಿದ ಮರದಂತೆ ಸವೆಯುತ್ತದೆ. ಕೀವು ಮೇಲಕ್ಕೆ ಹೋದರೆ ಕಪೋಲದ ಕಡೆಯ ಮಿದುಳಿಗೆ, ಹಿಂದಕ್ಕೆ ಹೋದರೆ ಕಿರುಮಿದುಳಿಗೆ.

ಮೆಕ್ಯೂವನ್ ಮಾಡಿದ ದೊಡ್ಡ ಕೆಲಸವೆಂದರೆ ಈ ದಾರಿಯನ್ನು ಬಿಡಿಬಿಡಿಯಾಗಿ ತೋರಿಸಿದ್ದು. ಹೆಪ್ಪುಗಟ್ಟಿಸಿದ ತಲೆಗಳನ್ನು ಹೋಳು ಹೋಳಾಗಿ ಕತ್ತರಿಸಿ, ಯಾವುದು ಯಾವುದರ ಹಿಂದಿದೆ ಎಂದು ಚಿತ್ರಗಳ ಪುಸ್ತಕವನ್ನೇ ಹೊರತಂದರು. ಕಿವಿಯ ತೂತಿನ ಸ್ವಲ್ಪ ಮೇಲೆ, ಹಿಂದೆ, ಎಲುಬಿನಲ್ಲಿ ಬೆರಳಿಟ್ಟು ಗುರುತಿಸಬಹುದಾದ ಮೂರು ಮೂಲೆಯ ಜಾಗವೊಂದಿದೆ. ಅಲ್ಲಿ ಕೊರೆದರೆ ಕೀವು ಅಡಗಿರುವ ಒಳಕೋಣೆ ಸಿಗುತ್ತದೆ. ದೊಡ್ಡವರಲ್ಲಿ ಅದು ಸುಮಾರು ಒಂದೂವರೆ ಸೆಂಟಿಮೀಟರ್ ಆಳದಲ್ಲಿದ್ದರೆ, ಎಳೆಮಗುವಿನಲ್ಲಿ ಎರಡು ಮಿಲಿಮೀಟರ್‌ನಷ್ಟೇ. ಅದೇ ಮೆಕ್ಯೂವನ್ ತ್ರಿಕೋನ. ಮಿದುಳಿನ ಕೀವನ್ನು ಮಾತ್ರ ತೆಗೆದು ಕಿವಿಯನ್ನು ಹಾಗೇ ಬಿಟ್ಟರೆ ಕೀವು ಮತ್ತೆ ಬರುತ್ತದೆ, ಮೂಲವನ್ನೂ ಸ್ವಚ್ಛ ಮಾಡಬೇಕು ಎಂಬುದು ಅವರ ಪಾಠ.

ಇನ್ನು ಆ ‘ಚಿಹ್ನೆ’. ಸಂತೆಯಲ್ಲಿ ಮಣ್ಣಿನ ಮಡಕೆ ಕೊಳ್ಳುವಾಗ ಅಮ್ಮ ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಹಾಗೆಯೇ. ಮಿದುಳಿನ ಒಳಗೆ ನೀರು ಹೆಚ್ಚಿದಾಗ ಅಥವಾ ಕೀವುಗಂಟು ಒತ್ತಿದಾಗ ಮಗುವಿನ ತಲೆಯ ಪಕ್ಕದ ಎಲುಬನ್ನು ತಟ್ಟಿದರೆ ಸದ್ದು ಬೇರೆಯಾಗುತ್ತದೆ. ಒಡಕು ಮಡಕೆಯ ಸದ್ದು ಎಂದೇ ನಮ್ಮ ಪಠ್ಯದಲ್ಲಿದೆ.

ಅವರು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಬೇರೆ. ಮಿದುಳಿನ ಕೀವುಗಂಟು ಹಂತ ಹಂತವಾಗಿ ಬರುತ್ತದೆ. ಮೊದಲು ಜ್ವರ, ತಲೆನೋವು, ವಾಂತಿ. ಆಮೇಲೆ ಒಂದು ಮೋಸದ ಹಂತ. ಜ್ವರ ಇಳಿಯುತ್ತದೆ, ಕೆಲವೊಮ್ಮೆ ಮೈ ಬಿಸಿ ಸಾಮಾನ್ಯಕ್ಕಿಂತಲೂ ಕೆಳಗೆ ಬರುತ್ತದೆ. ನಾಡಿ ನಿಧಾನವಾಗುತ್ತದೆ. ಮಗು ಅಳುವುದಿಲ್ಲ, ಹಟ ಮಾಡುವುದಿಲ್ಲ, ಕೇಳಿದ್ದಕ್ಕೆ ತಡವಾಗಿ ಉತ್ತರಿಸುತ್ತದೆ, ಹೆಚ್ಚು ನಿದ್ದೆ ಮಾಡುತ್ತದೆ. ಜ್ವರ ಬಿಟ್ಟಿತು, ಪಾಪ ದಣಿದಿದ್ದಾನೆ, ಮಲಗಲಿ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಒಳಗೆ ಕೀವು ತನ್ನ ಸುತ್ತ ಗೋಡೆ ಕಟ್ಟಿಕೊಂಡು ದೊಡ್ಡದಾಗುತ್ತಿರುತ್ತದೆ.

ಹೋದ ವರ್ಷ ಚೌತಿ ಮುಗಿದ ವಾರ ನಾನು ಊರಿಗೆ ಹೋಗಿದ್ದೆ. ಎರಡು ಮನೆಯಾಚೆಯ ಒಂಬತ್ತು ವರ್ಷದ ಹುಡುಗನಿಗೆ ಮೂರು ವರ್ಷದಿಂದ ಎಡಗಿವಿ ಸೋರುತ್ತಿತ್ತು. ಕೆಟ್ಟ ವಾಸನೆ. ಶಾಲೆಯಲ್ಲಿ ಪಕ್ಕ ಕೂರಲು ಮಕ್ಕಳು ಒಪ್ಪುತ್ತಿರಲಿಲ್ಲ. ಹಬ್ಬದ ಮುಂಚೆ ಜ್ವರ, ವಾಂತಿ ಆಗಿ ಮಾತ್ರೆಗೆ ಕಡಿಮೆಯಾಗಿತ್ತು. ಅವನ ತಾಯಿ, ನನಗೆ ಚಿಕ್ಕಮ್ಮನಂತೆ, ನೀನು ನರ್ಸ್ ಓದ್ತೀಯಲ್ಲ, ಸ್ವಲ್ಪ ನೋಡೇ ಎಂದು ಕರೆದರು. ಹುಡುಗ ಜಗಲಿಯಲ್ಲಿ ಮಲಗಿದ್ದ. ಎದ್ದು ಬಾ ಎಂದರೆ ಎಡಕ್ಕೆ ವಾಲುತ್ತ ನಡೆದ. ರೋಗ ಇಂಥದ್ದೇ ಎಂದು ಹೇಳುವ ಓದು ನನ್ನದಲ್ಲ. ಆದರೆ ಓದಿದ ಆ ಮೋಸದ ಹಂತ ಕಣ್ಣ ಮುಂದೆ ಬಂತು. ಇವತ್ತೇ ಕಾರವಾರಕ್ಕೆ ಹೊರಡಿ ಎಂದೆ.

35 ಕಿಲೋಮೀಟರ್ ದಾರಿ. ಸಂಜೆಯೊಳಗೆ ಸ್ಕ್ಯಾನ್ ಆಯಿತು. ಕಿರುಮಿದುಳಿನ ಎಡಭಾಗದಲ್ಲಿ ಕೀವುಗಂಟು. ಮಿದುಳಿನ ಆಪರೇಷನ್ನಿಗೆ ಹುಬ್ಬಳ್ಳಿಗೆ ಹೋಗಬೇಕು ಎಂದರು. ರಾತ್ರಿ ಆಂಬುಲೆನ್ಸಿನಲ್ಲಿ ಅರಬೈಲ್ ಘಟ್ಟ ಹತ್ತಿದರು. ಹುಡುಗನ ಅಪ್ಪ ಬೋಟಿನ ಕೆಲಸಕ್ಕೆ ಹೋಗಿ ಸಮುದ್ರದಲ್ಲಿದ್ದರು, ಫೋನ್ ಸಿಗುತ್ತಿರಲಿಲ್ಲ. ತಲೆ ಕೊರೆಯುವ ಮಾತು ಕೇಳಿ ಅಜ್ಜಿ ಗಾಬರಿಯಾದರು. ಗಂಡಸರಿಲ್ಲದೆ ಹೇಗೆ, ಮಗ ದಡಕ್ಕೆ ಬರಲಿ ಎಂದು ಹಟ ಹಿಡಿದರು. ಚಿಕ್ಕಮ್ಮ ನನಗೆ ಫೋನ್ ಮಾಡಿದರು. 1876ರ ಹುಡುಗನ ಕಥೆಯನ್ನು ನಾನು ಅವರಿಗೆ ಹೇಳಲಿಲ್ಲ. ಆಗ ಹೇಳುವ ಕಥೆ ಅದಲ್ಲ. ಡಾಕ್ಟರು ಸ್ಕ್ಯಾನಿನಲ್ಲಿ ಕಂಡೇ ಹೇಳುತ್ತಿದ್ದಾರೆ, ತಡವಾದರೆ ಗಂಟು ಒಡೆಯಬಹುದು ಎಂದಷ್ಟೇ ಹೇಳಿದೆ. ಆ ತಾಯಿ ಫೋನ್ ಇಟ್ಟು ಹೋಗಿ ತಾವೇ ಸಹಿ ಹಾಕಿದರು.

ಬುರುಡೆಯಲ್ಲಿ ಸಣ್ಣ ತೂತು ಮಾಡಿ ಸೂಜಿಯಿಂದ ಕೀವು ಎಳೆದರು. ಆರು ವಾರ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಟ್ಟರು. ಆಮೇಲೆ ಕಿವಿಯ ಹಿಂದಿನ ಎಲುಬನ್ನು ಸ್ವಚ್ಛಗೊಳಿಸುವ ಇನ್ನೊಂದು ಆಪರೇಷನ್. ಎಡಗಿವಿ ಈಗ ಅಷ್ಟು ಕೇಳುವುದಿಲ್ಲ. ಆದರೆ ಹುಡುಗ ಶಾಲೆಗೆ ಹೋಗುತ್ತಿದ್ದಾನೆ, ನೆಟ್ಟಗೆ ನಡೆಯುತ್ತಾನೆ. ಇದೆಲ್ಲ ಮುಗಿದ ಮೇಲೆ ನಾನು ಮೆಕ್ಯೂವನ್ ಅವರ ಜೀವನವನ್ನು ಮತ್ತೊಮ್ಮೆ ಓದಿದೆ. ಈ ಸಲ ಕಣ್ಣು ನಿಂತದ್ದು ನರ್ಸ್‌ಗಳ ಬಗ್ಗೆ ಬರುವ ಭಾಗದಲ್ಲಿ.

ಮಿದುಳಿನ ರೋಗಿಯ ನಾಡಿ, ಉಸಿರು, ಜ್ವರ, ಕಣ್ಣಪಾಪೆ, ಮಾತು ಇವನ್ನು ಗಂಟೆ ಗಂಟೆಗೆ ನೋಡಿ ಬರೆಯುವವರು ಯಾರು? ವೈದ್ಯರು ಬಂದು ಹೋಗುತ್ತಾರೆ, ಹಾಸಿಗೆಯ ಪಕ್ಕ ಇರುವವರು ನರ್ಸ್‌ಗಳು. ಆ ಕಾಲದಲ್ಲಿ ನರ್ಸ್‌ಗಳಿಗೆ ವಾರ್ಡಿನ ಕೆಲಸ ಮಾಡುತ್ತಲೇ ಕಲಿಯುವುದು ಬಿಟ್ಟರೆ ಕ್ರಮವಾದ ಪಾಠ ಇರಲಿಲ್ಲ. ರಾಯಲ್ ಇನ್‌ಫರ್ಮರಿಯ ಮೇಟ್ರನ್ ರೆಬೆಕಾ ಸ್ಟ್ರಾಂಗ್, ಫ್ಲಾರೆನ್ಸ್ ನೈಟಿಂಗೇಲ್ ಅವರ ಶಾಲೆಯಲ್ಲಿ ತರಬೇತಿ ಪಡೆದವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮಗಳನ್ನು ಸಾಕುತ್ತ ಈ ವೃತ್ತಿಗೆ ಬಂದವರು. ವಾರ್ಡಿಗೆ ಕಾಲಿಡುವ ಮೊದಲೇ ನರ್ಸ್‌ಗಳಿಗೆ ಅಂಗರಚನೆ, ಶರೀರಕ್ರಿಯೆ, ಸ್ವಚ್ಛತೆ ಇವುಗಳ ತರಗತಿ ನಡೆಯಬೇಕು ಎಂಬುದು ಅವರ ಹಂಬಲ. ಮೆಕ್ಯೂವನ್ ಅವರ ಬೆನ್ನಿಗೆ ನಿಂತರು. 1893ರಲ್ಲಿ ಗ್ಲಾಸ್ಗೊದಲ್ಲಿ ಅಂಥ ತರಬೇತಿ ಶುರುವಾಯಿತು. ಇಂದು ನಾವು ಸಮವಸ್ತ್ರ ತೊಟ್ಟು ಮೊದಲು ತರಗತಿಯಲ್ಲಿ ಕೂರುತ್ತೇವಲ್ಲ, ಅದರ ಬೇರು ಅಲ್ಲಿದೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾದಾಗ ಶಸ್ತ್ರಚಿಕಿತ್ಸೆಯ ಮುಖ್ಯಸ್ಥರಾಗಿ ಬನ್ನಿ ಎಂದು ಮೆಕ್ಯೂವನ್ ಅವರನ್ನು ಕರೆದಿದ್ದರು. ತಮ್ಮ ವಾರ್ಡಿನ ನರ್ಸ್‌ಗಳ ತರಬೇತಿ ತಮ್ಮ ಕೈಯಲ್ಲೇ ಇರಬೇಕು ಎಂದು ಅವರು ಕೇಳಿದರು. ಅದಕ್ಕೆ ಒಪ್ಪಿಗೆ ಸಿಗಲಿಲ್ಲ, ಇವರು ಹೋಗಲಿಲ್ಲ. ಎಂಥ ಹುದ್ದೆಯನ್ನು ಯಾವ ಕಾರಣಕ್ಕೆ ಬಿಟ್ಟರು ನೋಡಿ!

ಅವರ ಬೇರೆ ಕೆಲಸಗಳದ್ದೇ ಒಂದು ಪಟ್ಟಿಯಾಗುತ್ತದೆ. ರಿಕೆಟ್ಸ್‌ನಿಂದ ಬಾಗಿದ ಮಕ್ಕಳ ಕಾಲುಗಳನ್ನು ನೇರ ಮಾಡಲು ತಾವೇ ಒಂದು ಉಳಿ ರೂಪಿಸಿದರು. ಹಾಗೆ ತೆಗೆದ ಎಲುಬಿನ ಚೂರುಗಳನ್ನು, ಸೋಂಕಿನಿಂದ ತೋಳಿನ ಎಲುಬನ್ನೇ ಕಳೆದುಕೊಂಡಿದ್ದ ಪುಟ್ಟ ಹುಡುಗನಿಗೆ ಕೂರಿಸಿದರು. ಅವನ ತೋಳು ಬೆಳೆದು ದುಡಿಯುವ ತೋಳಾಯಿತು. 1878ರಲ್ಲಿ ನಾಲಿಗೆಯ ಬುಡದ ಗಡ್ಡೆ ತೆಗೆಯುವಾಗ, ಕತ್ತು ಕೊಯ್ಯದೆ ಬಾಯಿಯ ಮೂಲಕವೇ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಕ್ಲೋರೋಫಾರ್ಮ್ ಕೊಡಿಸಿದರು. ಕೊರೊನಾ ಕಾಲದಲ್ಲಿ ನಾವೆಲ್ಲ ಕೇಳಿದ ವೆಂಟಿಲೇಟರ್ ಕೊಳವೆಯ ಪೂರ್ವಜ ಅದು. 1880ರ ದಶಕದ ಆರಂಭದಲ್ಲಿ ಯುವಕ ರವೀಂದ್ರನಾಥ ಟ್ಯಾಗೋರರು ಕಾರವಾರದ ಕಡಲತೀರದಲ್ಲಿ ಕುಳಿತು ನಾಟಕ ಬರೆಯುತ್ತಿದ್ದ ಹೊತ್ತಿನಲ್ಲಿ, ಇನ್ನೊಂದು ಕಡಲತೀರದ ಹುಡುಗ ಇಷ್ಟನ್ನು ಮಾಡಿ ಮುಗಿಸಿದ್ದರು.

1892ರಲ್ಲಿ ಲಿಸ್ಟರ್ ಕುಳಿತಿದ್ದ ಪ್ರಾಧ್ಯಾಪಕ ಪೀಠವೇ ಅವರಿಗೆ ಬಂತು. 1902ರಲ್ಲಿ ‘ಸರ್’ ಪದವಿ. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಬಂದ ಸೈನಿಕರಿಗಾಗಿ 1916ರಲ್ಲಿ ಗ್ಲಾಸ್ಗೊ ಹತ್ತಿರದ ಅರ್ಸ್ಕಿನ್‌ನಲ್ಲಿ ಆಸ್ಪತ್ರೆ ಕಟ್ಟಿಸಲು ಮುಂದೆ ನಿಂತರು. ಕೃತಕ ಕಾಲು ಸಾಕಷ್ಟು ಸಿಗದಿದ್ದಾಗ ಹಡಗು ಕಟ್ಟುವ ಬಡಗಿಗಳನ್ನೇ ಕರೆದು ಮರದ ಕಾಲು ಮಾಡಿಸಿದರು. 70 ದಾಟಿದ ಮೇಲೂ ಜಿಂಕೆಯ ಕೊಂಬು ಹೇಗೆ ಬೆಳೆದು ಉದುರುತ್ತದೆ ಎಂದು ಅಧ್ಯಯನ ಮಾಡಿ ಪುಸ್ತಕ ಬರೆದರು. 1924ರ ಮಾರ್ಚ್ 22ರಂದು ತೀರಿಕೊಂಡರು.

ಅವರು ಹೋಗಿ ನೂರು ವರ್ಷ ದಾಟಿದೆ. ಇಂದು ಸ್ಕ್ಯಾನ್ ಇದೆ, ಔಷಧಿ ಇದೆ, ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ. ಆದರೂ ಮಿದುಳಿನ ಆಪರೇಷನ್ ಎಂದರೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಎಂದು ಹೊರಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. ಆಸ್ಪತ್ರೆ ದೂರವಿದ್ದಷ್ಟೂ ಮನೆಯಲ್ಲಿ ಬೇಗ ಗಮನಿಸುವುದು ಹೆಚ್ಚು ಮುಖ್ಯವಾಗುತ್ತದೆ.

ಆದ್ದರಿಂದ ಈ ಪುಟ ಓದುವ ಅಕ್ಕ, ಅಣ್ಣಂದಿರಲ್ಲಿ ಒಂದು ಮಾತು. ನಿಮ್ಮ ಮನೆಯ, ಓಣಿಯ ಮಗುವಿನ ಕಿವಿ ಎರಡು ವಾರಕ್ಕಿಂತ ಹೆಚ್ಚು ಸೋರುತ್ತಿದ್ದರೆ ಎಣ್ಣೆ ಬಿಡಬೇಡಿ, ಕಿವಿಯ ಡಾಕ್ಟರಿಗೆ ತೋರಿಸಿ. ಸೋರುವುದು ಸ್ವಲ್ಪವೇ ಇದ್ದು ವಾಸನೆ ಜೋರಾಗಿದ್ದರೆ, ರಕ್ತ ಬೆರೆತಿದ್ದರೆ ಇನ್ನೂ ಬೇಗ. ಸೋರುವ ಕಿವಿಯ ಮಗುವಿಗೆ ತಲೆನೋವು, ವಾಂತಿ, ಮಂಪರು, ಸೆಳೆತ, ಓಲಾಡುವ ನಡಿಗೆ, ಕಿವಿ ಹಿಂದೆ ಬಾವು ಇವುಗಳಲ್ಲಿ ಯಾವುದು ಕಂಡರೂ, ಜ್ವರ ಇಲ್ಲದಿದ್ದರೂ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ. ಅವರು ಬಂದ ದಿನ ಕಿವಿ ಸೋರುವ ಮಗುವನ್ನು ನಾಚಿಕೆಯಿಂದ ಮನೆಯಲ್ಲಿ ಉಳಿಸಿಕೊಳ್ಳಬೇಡಿ, ತಪ್ಪದೆ ಕಳಿಸಿ.

ಬರುವ ತಿಂಗಳು ನಮ್ಮ ತರಗತಿಯವರು ಹಳ್ಳಿಗಳ ಶಾಲೆಗಳಿಗೆ ಆರೋಗ್ಯ ಶಿಕ್ಷಣಕ್ಕೆ ಹೋಗುತ್ತಿದ್ದೇವೆ. ವಿಷಯ ಆರಿಸಿಕೊಳ್ಳಿ ಎಂದಾಗ ನಾನು ಕಿವಿ ಎಂದು ಬರೆದುಕೊಟ್ಟಿದ್ದೇನೆ.